ಅಂಗೈಯಗಲದ ಗಣಕಯಂತ್ರ: ಮನೆಯಲ್ಲಿ ಅದನ್ನು ಅಣಿಗೊಳಿಸುವ ಕ್ರಮ

ಈ ಸ್ಮರಣ ಸಂಚಿಕೆಯಲ್ಲಿ ಪಾಠರೂಪವಾದ ಒಂದು ಲೇಖನವಿರುವುದು ಯುಕ್ತವೆಂದು ತೋರಿದುದರಿಂದ, ಮನೆಯಲ್ಲಿಯೇ ಇಟ್ಟುಕೊಂಡು ಅಭ್ಯಾಸಮಾಡತಕ್ಕ ಒಂದು ಚಿಕ್ಕ ಗಣಕಯಂತ್ರದ ವಿಷಯವಾಗಿ ಕೆಲವು ಮಾತುಗಳನ್ನು ಬರೆಯಲು ಉದ್ಯುಕ್ತರಾಗಿದ್ದೇವೆ.

ಗಣಕಯಂತ್ರವು ಈಗಿನ ಕಾಲದಲ್ಲಿ ಅಪರೂಪದ ವಸ್ತುವಲ್ಲ. ಪ್ರತಿಯೊಬ್ಬರ ಕೈಯಲ್ಲಿರುವ ಮೊಬೈಲ್ ಫೋನೂ ಒಂದು ಗಣಕಯಂತ್ರವೇ ಸರಿ. ಆದರೆ ಅದು ಮುಚ್ಚಿದ ಪೆಟ್ಟಿಗೆಯಂತಿರುವುದು. ಅದರೊಳಗೆ ಏನು ನಡೆಯುತ್ತದೆಂಬುದನ್ನು ನಾವು ಕಾಣೆವು. ಯಾರೋ ಮಾಡಿಟ್ಟುದನ್ನು ಬೆರಳಿನಿಂದ ಒತ್ತುವುದಷ್ಟೇ ನಮ್ಮ ಪಾಲಿನ ಕೆಲಸ. ಅದೂ ಅಲ್ಲದೆ ಅದರಲ್ಲಿ ತಂದೆಯ ಬ್ಯಾಂಕಿನ ಲೆಕ್ಕ, ತಾಯಿಯ ಕಾಗದಪತ್ರ, ಮನೆಯವರ ಚಿತ್ರಗಳು ಇರುವುದರಿಂದ, ಮಗಳು ಅದನ್ನು ಬಿಚ್ಚಿ ನೋಡಹೊರಟರೆ “ಮುಟ್ಟಬೇಡ, ಕೆಟ್ಟೀತು” ಎನ್ನದೆ ವಿಧಿಯಿಲ್ಲ. ಈ ಮಾತನ್ನು ಗಂಡುಮಕ್ಕಳಿಗಿಂತ ಹೆಣ್ಣುಮಕ್ಕಳೇ ಹೆಚ್ಚಾಗಿ ಕೇಳಿ ಬೆಳೆಯುತ್ತಾರೆಂಬುದನ್ನು ನಾವೆಲ್ಲರೂ ಬಲ್ಲೆವು. ಕೆಡಿಸಲು ಅನುಮತಿಯಿಲ್ಲದ ವಸ್ತುವಿನಿಂದ ಕಲಿಯುವುದು ಅಲ್ಪವೇ. ಆದಕಾರಣ ಕೆಟ್ಟರೂ ಅರ್ಧ ತಾಸಿನಲ್ಲಿ ಮೊದಲಿನಂತೆ ಮಾಡಬಹುದಾದ ಒಂದು ಯಂತ್ರವನ್ನು ಮಕ್ಕಳ ಕೈಗೆ ಕೊಡುವುದು ಹೇಗೆಂಬುದೇ ಈ ಪಾಠದ ಉದ್ದೇಶವಾಗಿದೆ.

೧. ಇದು ಯಾವ ಬಗೆಯ ಯಂತ್ರ

ನಾವು ಇಲ್ಲಿ ಹೇಳಹೊರಟಿರುವ ಯಂತ್ರದ ಹೆಸರು ರಾಸ್ಪ್‌ಬೆರಿ ಪೈ. ರಾಸ್ಪ್‌ಬೆರಿ ಎಂಬುದು ಒಂದು ಹಣ್ಣಿನ ಹೆಸರು; ಪೈ ಎಂಬುದು ಪೈಥಾನ್ ಎಂಬ ಗಣಕಭಾಷೆಯ ಹೆಸರಿನಿಂದ ಬಂದುದು. ಗಣಕಯಂತ್ರಕ್ಕೆ ಬೇಕಾದ ಮುಖ್ಯ ಅಂಗಗಳೆಲ್ಲವೂ ಒಂದೇ ಹಲಗೆಯ ಮೇಲೆ ಕೂಡಿರುವುದರಿಂದ ಇಂಥವುಗಳನ್ನು ಏಕಫಲಕ ಗಣಕಯಂತ್ರಗಳೆಂದು ಕರೆಯಬಹುದು. ಈ ಹಲಗೆಯ ಉದ್ದ ಸುಮಾರು ೮೫ ಮಿಲಿಮೀಟರು, ಅಗಲ ೫೬ ಮಿಲಿಮೀಟರು. ಎಂದರೆ ಬಾಲಿಕೆಯ ಅಂಗೈಯ ಮೇಲೆ ಇಡಬಹುದಾದಷ್ಟು.

ಇದು ಹುಟ್ಟಿದ ಕಾರಣವು ವಿದ್ಯಾಭ್ಯಾಸಕ್ಕೆ ಸಂಬಂಧಪಟ್ಟುದಾಗಿದೆ. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ ಗಣಕಶಾಸ್ತ್ರವನ್ನು ಕಲಿಯಲು ಬರುವವರ ಸಂಖ್ಯೆಯು ಕಡಮೆಯಾಗುತ್ತಿರುವುದನ್ನೂ, ಬಂದವರಿಗೂ ಯಂತ್ರದ ಒಳಗಿನ ಪರಿಚಯವು ಹಿಂದಿನವರಷ್ಟು ಇಲ್ಲದಿರುವುದನ್ನೂ ಎಬೆನ್ ಅಪ್ಟನ್ ಮೊದಲಾದ ಕೆಲವರು ಕಂಡರು. ಅವರ ಬಾಲ್ಯದಲ್ಲಿ, ೧೯೮೧ನೆಯ ಇಸವಿಯಲ್ಲಿ ಹೊರಟ ಬಿಬಿಸಿ ಮೈಕ್ರೋ ಮುಂತಾದ ಯಂತ್ರಗಳು ಮನೆಗಳಲ್ಲಿಯೂ ಶಾಲೆಗಳಲ್ಲಿಯೂ ಇದ್ದುವು. ಹೊತ್ತಿಸಿದೊಡನೆ ಅವು ಆಜ್ಞೆಯನ್ನು ಬರೆಯೆಂದು ಕಾದು ನಿಲ್ಲುತ್ತಿದ್ದುವು. ಅಂತಹ ಯಂತ್ರವನ್ನು ಮತ್ತೆ ಮಕ್ಕಳಿಗೆ ಅಗ್ಗವಾಗಿ ಒದಗಿಸಬೇಕೆಂಬ ಸಂಕಲ್ಪದಿಂದ ೨೦೦೯ರಲ್ಲಿ ರಾಸ್ಪ್‌ಬೆರಿ ಪೈ ಫೌಂಡೇಷನ್ ಎಂಬ ಧರ್ಮಸಂಸ್ಥೆಯು ಏರ್ಪಟ್ಟಿತು. ೨೦೧೨ನೆಯ ಇಸವಿ ಫೆಬ್ರವರಿ ೨೯ರಂದು ಮೊದಲನೆಯ ಹಲಗೆಯು ೩೫ ಡಾಲರು ಬೆಲೆಗೆ ಮಾರಾಟಕ್ಕೆ ಬಂತು. ಆಮೇಲೆ ೨೦೧೯ರಲ್ಲಿ ನಾಲ್ಕನೆಯದೂ, ೨೦೨೩ರಲ್ಲಿ ಐದನೆಯದೂ ಹೊರಟುವು. ೨೦೧೫ನೆಯ ಡಿಸೆಂಬರಿನಲ್ಲಿ ಇಂತಹ ಎರಡು ಯಂತ್ರಗಳು ಅಂತರಿಕ್ಷದ ಅಂತರರಾಷ್ಟ್ರೀಯ ನಿಲ್ದಾಣಕ್ಕೆ ಹೋದುವೆಂಬುದೂ, ಶಾಲಾಬಾಲಕಬಾಲಿಕೆಯರು ಬರೆದ ಆಜ್ಞಾವಳಿಗಳು ಅಲ್ಲಿ ನಡೆದುವೆಂಬುದೂ ಜ್ಞಾಪಕದಲ್ಲಿಡತಕ್ಕ ಸಂಗತಿಗಳು.

ಇನ್ನೊಂದು ವಿಷಯವನ್ನು ನಮ್ಮ ವಿದ್ಯಾರ್ಥಿನಿಯರು ವಿಶೇಷವಾಗಿ ತಿಳಿಯತಕ್ಕದ್ದು. ಈ ಹಲಗೆಯ ಹೃದಯದಂತಿರುವ ಪ್ರೊಸೆಸರು ಆರ್ಮ್ ಎಂಬ ಜಾತಿಗೆ ಸೇರಿದುದು. ಆ ಜಾತಿಯ ಮೊದಲನೆಯ ಪ್ರೊಸೆಸರು ೧೯೮೫ರಲ್ಲಿ ಕೇಂಬ್ರಿಜಿನಲ್ಲಿ ಸಿದ್ಧವಾಯಿತು. ಅದು ಪಾಲಿಸಬೇಕಾದ ಆಜ್ಞೆಗಳ ಸಮೂಹವನ್ನು ರಚಿಸಿದವರು ಸೋಫೀ ವಿಲ್ಸನ್ ಎಂಬ ವಿದುಷಿ. ಇದಕ್ಕೂ ಬಹಳ ಹಿಂದೆ, ೧೮೪೩ರಲ್ಲಿಯೇ, ಏಡಾ ಲವ್ಲೇಸ್ ಎಂಬ ಮಹಿಳೆಯು ಆಗಿನ್ನೂ ಕಟ್ಟಿ ಮುಗಿಯದಿದ್ದ ಗಣಕಯಂತ್ರವೊಂದು ಲೆಕ್ಕವನ್ನು ಹಂತಹಂತವಾಗಿ ಮಾಡಬೇಕಾದ ಕ್ರಮವನ್ನು ಬರೆದು ಪ್ರಕಟಿಸಿದಳು. ಅದೇ ೧೮೪೩ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಶನಿನ ಹೆರ್ಮನ್ ಮೋಗ್ಲಿಂಗರು ಕನ್ನಡದ ಮೊದಲ ವೃತ್ತಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದರು. ಅಚ್ಚಿನ ಯಂತ್ರವು ನಮ್ಮ ನಾಡಿಗೆ ಬಂದಾಗ ಹೆಣ್ಣುಮಕ್ಕಳಿಗೆ ಅಕ್ಷರವೇತಕ್ಕೆಂದು ಕೇಳಿದವರು ಉಂಟು. ಗಣಕಯಂತ್ರದ ವಿಷಯದಲ್ಲಿ ಆ ಪ್ರಶ್ನೆಯನ್ನು ಮತ್ತೊಮ್ಮೆ ಕೇಳದಿರೋಣ.

೨. ಬೇಕಾದ ಸಾಮಗ್ರಿಗಳು

ಈ ಪಾಠದಲ್ಲಿ ನಾಲ್ಕನೆಯ ಮಾದರಿಯ ಹಲಗೆಯನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇವೆ. ೨ ಗಿಗಾಬೈಟು ಸ್ಮರಣಶಕ್ತಿಯುಳ್ಳದ್ದು ಇಲ್ಲಿ ಹೇಳುವ ಕೆಲಸಗಳಿಗೆ ಧಾರಾಳವಾಗಿ ಸಾಕು. ಹೆಚ್ಚಿನದನ್ನು ಕೊಂಡು ಹಣವನ್ನು ವ್ಯಯಮಾಡಬೇಕಾದುದಿಲ್ಲ.

ಹಲಗೆಯ ಸಂಗಡ ಬೇಕಾದುವುಗಳಲ್ಲಿ ಮೊದಲನೆಯದು ವಿದ್ಯುತ್ತನ್ನು ಕೊಡುವ ಅಡಾಪ್ಟರು. ಇದು ೫ ವೋಲ್ಟಿನಲ್ಲಿ ೩ ಆಂಪಿಯರು ಕೊಡತಕ್ಕದ್ದಾಗಿರಬೇಕು. ಮನೆಯಲ್ಲಿ ಬಿದ್ದಿರುವ ಹಳೆಯ ಮೊಬೈಲ್ ಚಾರ್ಜರನ್ನು ಚುಚ್ಚಿದರೆ ಯಂತ್ರವು ಎದ್ದರೂ ಎದ್ದೀತು. ಆದರೆ ಕೆಲಸವು ಹೆಚ್ಚಾದೊಡನೆ ವಿದ್ಯುತ್ತು ಸಾಲದೆ ತಾನಾಗಿ ನಿಂತುಹೋಗುವುದು. ಆಗ ಬಾಲಿಕೆಯು ತಾನು ಬರೆದುದರಲ್ಲಿಯೇ ತಪ್ಪಿದೆಯೆಂದು ಭ್ರಮಿಸಿ ಬೇಸರಗೊಳ್ಳುವಳು. ಆದುದರಿಂದ ಇದರಲ್ಲಿ ಮಿತವ್ಯಯವು ಸಲ್ಲದು.

ಎರಡನೆಯದು ಮೈಕ್ರೋ ಎಸ್‌ಡಿ ಕಾರ್ಡು. ೩೨ ಗಿಗಾಬೈಟಿನದು ಸಾಕು. ಮೂರನೆಯದು ಕೀಲಿಮಣೆ ಮತ್ತು ಮೌಸು. ನಾಲ್ಕನೆಯದು ಪರದೆ, ಮನೆಯ ಟೆಲಿವಿಷನ್ನಿನಲ್ಲಿ ಎಚ್‌ಡಿಎಂಐ ಎಂಬ ರಂಧ್ರವಿದ್ದರೆ ಅದೇ ಆಗುವುದು. ಹಲಗೆಯ ಕಡೆಯ ರಂಧ್ರವು ಚಿಕ್ಕದಾಗಿರುವುದರಿಂದ ಒಂದು ತುದಿ ಮೈಕ್ರೋ ಎಚ್‌ಡಿಎಂಐ ಆಗಿರುವ ಕೇಬಲನ್ನು ಕೇಳಿ ತರಬೇಕು. ಇವಲ್ಲದೆ ನಮ್ಮ ಎರಡು ಪಾಠಗಳಿಗಾಗಿ ಒಂದು ಬ್ರೆಡ್‌ಬೋರ್ಡು, ಕೆಲವು ಜಂಪರ್ ತಂತಿಗಳು, ಒಂದು ಕೆಂಪು ಎಲ್‌ಇಡಿ ದೀಪ, ೩೩೦ ಓಮಿನ ಒಂದು ರೆಸಿಸ್ಟರು, ೪.೭ ಕಿಲೋ ಓಮಿನ ಇನ್ನೊಂದು ರೆಸಿಸ್ಟರು, ಡಿಎಸ್ ೧೮ಬಿ೨೦ ಎಂಬ ಉಷ್ಣತೆಯನ್ನು ಅಳೆಯುವ ಚಿಕ್ಕ ಸಾಧನ, ಇಷ್ಟು ಬೇಕು. ಇವು ಎಲೆಕ್ಟ್ರಾನಿಕ್ ಬಿಡಿಭಾಗಗಳ ಅಂಗಡಿಗಳಲ್ಲಿ ದೊರೆಯುತ್ತವೆ.

ಹಲಗೆಯನ್ನು ಸ್ಟೀಲಿನ ತಟ್ಟೆಯ ಮೇಲಾಗಲಿ ಲೋಹದ ಮೇಜಿನ ಮೇಲಾಗಲಿ ಬರಿದಾಗಿ ಇಡಬಾರದು. ಅದರ ಅಡಿಯಲ್ಲಿರುವ ಬೆಸುಗೆಯ ತುದಿಗಳು ಲೋಹದಿಂದ ಕೂಡಿಕೊಂಡರೆ ಹಾನಿಯುಂಟಾಗುವುದು. ಮರದ ಹಲಗೆಯ ಮೇಲೆ ಅಥವಾ ಗಾಳಿಯಾಡುವ ಪೆಟ್ಟಿಗೆಯಲ್ಲಿ ಇಡುವುದು ಒಳ್ಳೆಯದು. ಕೆಲಸಮಾಡುವಾಗ ಇದು ಬಿಸಿಯಾಗುವುದು ಸಹಜ. ಪ್ರೊಸೆಸರಿನ ಉಷ್ಣತೆಯು ೮೦ ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದು ತನ್ನನ್ನು ತಾನು ಕಾಪಾಡಿಕೊಳ್ಳಲು ವೇಗವನ್ನು ಕುಗ್ಗಿಸಿಕೊಳ್ಳುವುದು. ಆದಕಾರಣ ಬಟ್ಟೆಯನ್ನು ಹೊದಿಸಬಾರದು.

೩. ಕಾರ್ಡನ್ನು ಸಿದ್ಧಪಡಿಸುವುದು

ಹೊಸ ಹಲಗೆಯಲ್ಲಿ ಆಪರೇಟಿಂಗ್ ಸಿಸ್ಟಮ್ ಇರುವುದಿಲ್ಲ. ಎಂದರೆ ಯಂತ್ರವನ್ನು ನಡೆಯಿಸುವ ಮೂಲವಿಧಿಗಳು ಇನ್ನೂ ಅದಕ್ಕೆ ತಿಳಿದಿರುವುದಿಲ್ಲ. ಅವುಗಳನ್ನು ಕಾರ್ಡಿನ ಮೇಲೆ ಬರೆದು ಹಲಗೆಗೆ ಕೊಡಬೇಕು. ಇದಕ್ಕೆ ಬೇರೊಂದು ಗಣಕಯಂತ್ರದ ಸಹಾಯವು ಒಂದು ತಾಸಿನ ಮಟ್ಟಿಗೆ ಬೇಕಾಗುವುದು. ಆ ಯಂತ್ರಕ್ಕೆ ರಾಸ್ಪ್‌ಬೆರಿ ಪೈ ಇಮೇಜರ್ ಎಂಬ ಸಾಧನವನ್ನು ಇಳಿಸಿಕೊಳ್ಳಬೇಕು, ಇದಕ್ಕೆ ಬೆಲೆಯಿಲ್ಲ. ಕಾರ್ಡನ್ನು ರೀಡರಿನಲ್ಲಿಟ್ಟು ಸಿಕ್ಕಿಸಿದ ಮೇಲೆ ಇಮೇಜರಿನಲ್ಲಿ ಮೂರು ಸಂಗತಿಗಳನ್ನು ಆರಿಸಬೇಕು: ಹಲಗೆಯ ಮಾದರಿ ಯಾವುದು, ಬರೆಯಬೇಕಾದ ಸಿಸ್ಟಮ್ ಯಾವುದು, ಬರೆಯಬೇಕಾದ ಕಾರ್ಡು ಯಾವುದು. ಸಿಸ್ಟಮಿನ ಹೆಸರು ರಾಸ್ಪ್‌ಬೆರಿ ಪೈ ಓಎಸ್. ಇದು ಲಿನಕ್ಸಿನ ಡೆಬಿಯನ್ ಎಂಬ ಶಾಖೆಯಿಂದ ಬಂದುದು. ಲಿನಕ್ಸಿನ ಮೂಲವನ್ನು ಲೀನಸ್ ಟೋರ್ವಾಲ್ಡ್ಸ್ ಎಂಬ ಫಿನ್ಲೆಂಡಿನ ವಿದ್ಯಾರ್ಥಿಯು ೧೯೯೧ರಲ್ಲಿ ಬರೆದು ಲೋಕಕ್ಕೆ ಬಿಟ್ಟುಕೊಟ್ಟನು. ಅಲ್ಲಿಂದೀಚೆಗೆ ಸಹಸ್ರಾರು ಮಂದಿ ಅದನ್ನು ತಿದ್ದಿ ಬೆಳೆಯಿಸಿದ್ದಾರೆ.

ಕಾರ್ಡನ್ನು ಆರಿಸುವಾಗ ಹೆಸರನ್ನೂ ಗಾತ್ರವನ್ನೂ ಎರಡು ಸಲ ಓದಬೇಕು. ಏಕೆಂದರೆ ಆರಿಸಿದ ಕಾರ್ಡಿನ ಮೇಲೆ ಮೊದಲಿದ್ದುದೆಲ್ಲವೂ ಅಳಿಸಿಹೋಗುವುದು. ಕುಟುಂಬದ ಚಿತ್ರಗಳಿರುವ ಪೆನ್ ಡ್ರೈವು ಆ ಯಂತ್ರಕ್ಕೆ ಸಿಕ್ಕಿಸಿದ್ದರೆ ಅದನ್ನು ಮೊದಲೇ ತೆಗೆದಿಡುವುದು ವಿವೇಕ.

ಬರೆಯುವುದಕ್ಕೆ ಮುಂಚೆ ಇಮೇಜರು ಕೆಲವು ವಿವರಗಳನ್ನು ಕೇಳುವುದು: ಯಂತ್ರದ ಹೆಸರು, ಬಳಸುವವಳ ಹೆಸರು, ಗುಪ್ತಪದ, ಮನೆಯ ವೈಫೈ ಹೆಸರು ಮತ್ತು ಅದರ ಗುಪ್ತಪದ, ದೇಶ ಮತ್ತು ಕಾಲಮಾನ. ಮೊದಲಿನ ವರ್ಷಗಳಲ್ಲಿ ಈ ಯಂತ್ರಗಳೆಲ್ಲಕ್ಕೂ ಒಂದೇ ಹೆಸರು, ಒಂದೇ ಗುಪ್ತಪದ ಇರುತ್ತಿದ್ದುವು. ಇದರಿಂದ ಪರರು ಸುಲಭವಾಗಿ ಒಳನುಗ್ಗಬಹುದಾಗಿದ್ದುದರಿಂದ ೨೦೨೨ರಲ್ಲಿ ಆ ಪದ್ಧತಿಯನ್ನು ತೆಗೆದುಹಾಕಿದರು. ಆದುದರಿಂದ ಗುಪ್ತಪದವನ್ನು ಬಾಲಿಕೆಯೇ ಆರಿಸಲಿ, ಅದು ಉದ್ದವಾಗಿರಲಿ, ಅದನ್ನು ಗೆಳತಿಯರಿಗೂ ಹೇಳದಿರಲಿ, ತಾಯಿತಂದೆಗಳಿಗೆ ಮಾತ್ರ ತಿಳಿದಿರಲಿ. ಬೀಗದ ಕೈಯನ್ನು ಜೋಪಾನವಾಗಿಡುವ ಪಾಠವೂ ಇದರಲ್ಲಿ ಸೇರಿದೆ.

ಇಮೇಜರು ಕಾರ್ಡನ್ನು ಬರೆದು, ಬರೆದುದು ಸರಿಯಾಗಿದೆಯೇ ಎಂದು ಮತ್ತೊಮ್ಮೆ ಓದಿ ನೋಡುವುದು. ಅದು ಮುಗಿಯಿತೆಂದು ಹೇಳುವ ತನಕ ಕಾರ್ಡನ್ನು ಕೀಳಬಾರದು.

೪. ಯಂತ್ರವನ್ನು ಮೊದಲ ಸಲ ಎಬ್ಬಿಸುವುದು

ಹಲಗೆಯ ಅಡಿಭಾಗದಲ್ಲಿ, ಯುಎಸ್‌ಬಿ ರಂಧ್ರಗಳಿಗೆ ಎದುರು ತುದಿಯಲ್ಲಿ, ಕಾರ್ಡಿನ ಸಂದು ಇರುವುದು. ಕಾರ್ಡಿನ ಹೊಳೆಯುವ ಲೋಹದ ಪಟ್ಟಿಗಳು ಹಲಗೆಯ ಕಡೆಗೆ ಇರುವಂತೆ ಮೆಲ್ಲನೆ ತಳ್ಳಬೇಕು. ಬಳಿಕ ಕೀಲಿಮಣೆ, ಮೌಸು, ಪರದೆಯ ಕೇಬಲು ಇವುಗಳನ್ನು ಜೋಡಿಸಬೇಕು. ಪರದೆಗೆ ಎರಡು ರಂಧ್ರಗಳಿರುವುವು. ವಿದ್ಯುತ್ತಿನ ರಂಧ್ರಕ್ಕೆ ಸಮೀಪವಾದುದನ್ನು ಉಪಯೋಗಿಸತಕ್ಕದ್ದು. ಎಲ್ಲವೂ ಸಿದ್ಧವಾದ ಮೇಲೆ ಕಟ್ಟಕಡೆಯಲ್ಲಿ ಅಡಾಪ್ಟರನ್ನು ಸಿಕ್ಕಿಸಿ ಸ್ವಿಚ್ಚನ್ನು ಒತ್ತಬೇಕು.

ಕೆಂಪು ದೀಪವು ಹೊತ್ತಿದರೆ ವಿದ್ಯುತ್ತು ಬಂದಿದೆಯೆಂದು ಅರ್ಥ. ಹಸಿರು ದೀಪವು ಮಿನುಗಿದರೆ ಯಂತ್ರವು ಕಾರ್ಡನ್ನು ಓದುತ್ತಿದೆಯೆಂದು ಅರ್ಥ. ಕೆಂಪು ಮಾತ್ರ ಉರಿದು ಹಸಿರು ಮಿನುಗದೆ ಪರದೆಯೂ ಕಪ್ಪಾಗಿದ್ದರೆ, ಕಾರ್ಡು ಸರಿಯಾಗಿ ಕೂತಿದೆಯೇ, ಸರಿಯಾಗಿ ಬರೆಯಲ್ಪಟ್ಟಿದೆಯೇ ಎಂಬುದನ್ನು ಮೊದಲು ನೋಡಬೇಕು. ಹೀಗೆ ಎರಡು ಪುಟ್ಟ ದೀಪಗಳನ್ನು ನೋಡಿ ದೋಷದ ಸ್ಥಾನವನ್ನು ಊಹಿಸುವುದು ವೈದ್ಯರು ನಾಡಿಯನ್ನು ನೋಡಿದಂತೆ. ಇದನ್ನು ಮಗಳೇ ಮಾಡಲಿ.

ಪರದೆಯ ಮೇಲೆ ಚಿತ್ರವು ಮೂಡಿದ ಬಳಿಕ ಮೊದಲನೆಯ ಕೆಲಸವು ಸಿಸ್ಟಮಿಗೆ ಬಂದಿರುವ ತಿದ್ದುಪಡಿಗಳನ್ನು ಪಡೆಯುವುದು. ಎರಡನೆಯದು ಕನ್ನಡವನ್ನು ಅಣಿಗೊಳಿಸುವುದು. ಡೆಬಿಯನ್ ಭಂಡಾರದಲ್ಲಿ ಗುಬ್ಬಿ, ನವಿಲು ಎಂಬ ಹೆಸರಿನ ಕನ್ನಡದ ಅಕ್ಷರರೂಪಗಳಿವೆ. ಅವುಗಳನ್ನು ಬೆಲೆಯಿಲ್ಲದೆ ತರಿಸಿಕೊಳ್ಳಬಹುದು. ಮಗಳು ತನ್ನ ದಿನಚರಿಯನ್ನೂ ಅಜ್ಜಿಯು ಹೇಳಿದ ಅಡಿಗೆಯ ಕ್ರಮಗಳನ್ನೂ ಕನ್ನಡದಲ್ಲಿಯೇ ಬರೆದಿಡಬಹುದು.

ಯಂತ್ರವನ್ನು ನಿಲ್ಲಿಸುವ ಕ್ರಮವೂ ಒಂದುಂಟು. ಸ್ವಿಚ್ಚನ್ನು ತಟ್ಟನೆ ಆರಿಸಬಾರದು. ಪರದೆಯ ಪಟ್ಟಿಯಲ್ಲಿ ‘ಶಟ್‌ಡೌನ್’ ಎಂಬುದನ್ನು ಆರಿಸಿ, ಹಸಿರು ದೀಪದ ಮಿನುಗು ನಿಂತ ಮೇಲೆ ವಿದ್ಯುತ್ತನ್ನು ತೆಗೆಯತಕ್ಕದ್ದು. ಕಾರ್ಡಿನ ಮೇಲೆ ಬರೆಯುತ್ತಿರುವಾಗ ವಿದ್ಯುತ್ತು ಹೋದರೆ ಬರಹವು ಅರ್ಧಕ್ಕೆ ನಿಂತು ಕಾರ್ಡು ಓದಲಾಗದಂತಾಗಬಹುದು. ಮಳೆಗಾಲದಲ್ಲಿ ಕರೆಂಟು ಪದೇ ಪದೇ ಹೋಗುವ ಊರುಗಳಲ್ಲಿ ಇದು ಮುಖ್ಯವಾದ ಮಾತು. ಮನೆಯಲ್ಲಿ ಇನ್ವರ್ಟರು ಇದ್ದರೆ ಅದರ ಸಾಲಿನ ಪ್ಲಗ್ಗಿಗೆ ಸಿಕ್ಕಿಸುವುದು ಉತ್ತಮ. ಇನ್ನೊಂದು ಸೂಚನೆ: ಈ ನಾಲ್ಕನೆಯ ಮಾದರಿಯಲ್ಲಿ ಬ್ಯಾಟರಿಯಿಂದ ನಡೆಯುವ ಗಡಿಯಾರವಿಲ್ಲ, ಅದು ಕಾಲವನ್ನು ಇಂಟರ್ನೆಟ್ಟಿನಿಂದ ತಿಳಿಯುವುದು. ಕರೆಂಟು ಹೋಗಿ ಬಂದಾಗ ಇಂಟರ್ನೆಟ್ಟು ಇಲ್ಲದಿದ್ದರೆ ಅದು ತೋರಿಸುವ ಗಂಟೆಯನ್ನು ನಂಬಬಾರದು.

೫. ಎರಡು ಬಗೆಯ ತಪ್ಪುಗಳು

ಮುಂದಿನ ಪಾಠಗಳಿಗೆ ಹೋಗುವ ಮುನ್ನ ಈ ಭಾಗವನ್ನು ತಾಯಂದಿರೂ ತಂದೆಗಳೂ ಗಮನವಿಟ್ಟು ಓದಬೇಕೆಂದು ಪ್ರಾರ್ಥಿಸುತ್ತೇವೆ.

ಈ ಯಂತ್ರದೊಡನೆ ಮಾಡಬಹುದಾದ ತಪ್ಪುಗಳು ಎರಡು ಬಗೆ. ಮೊದಲನೆಯದು ಬರಹದ ತಪ್ಪು. ಆಜ್ಞೆಯನ್ನು ತಪ್ಪಾಗಿ ಬರೆಯುವುದು, ಬೇಕಾದ ಕಡತವನ್ನು ಅಳಿಸುವುದು, ಸಿಸ್ಟಮನ್ನೇ ಏಳದಂತೆ ಮಾಡಿಬಿಡುವುದು ಇವೆಲ್ಲ ಈ ಬಗೆಗೆ ಸೇರಿದುವು. ಇವುಗಳಿಂದ ಹಲಗೆಗೆ ಯಾವ ಹಾನಿಯೂ ಇಲ್ಲ. ಕಾರ್ಡನ್ನು ತೆಗೆದು ಮತ್ತೊಮ್ಮೆ ಬರೆದರೆ ಯಂತ್ರವು ಹೊಸದರಂತೆ ಏಳುವುದು. ಸ್ಲೇಟನ್ನು ಒರೆಸಿ ಮತ್ತೆ ಬರೆದ ಹಾಗೆ. ಮಗಳು ತಾನು ಬರೆದುದನ್ನು ವಾರಕ್ಕೊಮ್ಮೆ ಪೆನ್ ಡ್ರೈವಿಗೆ ನಕಲು ಮಾಡಿಟ್ಟುಕೊಂಡಿದ್ದರೆ ನಷ್ಟವೂ ಅಲ್ಪವೇ.

ಎರಡನೆಯದು ತಂತಿಯ ತಪ್ಪು. ಇದು ಹಾಗಲ್ಲ. ಹಲಗೆಯ ಒಂದು ಅಂಚಿನಲ್ಲಿ ೪೦ ಕಡ್ಡಿಗಳು ಎರಡು ಸಾಲಾಗಿ ನಿಂತಿವೆ. ಹೊರಗಿನ ವಸ್ತುಗಳೊಡನೆ ಯಂತ್ರವು ಮಾತನಾಡುವುದು ಇವುಗಳ ಮೂಲಕ. ಇವುಗಳಲ್ಲಿ ಕೆಲವು ಕಡ್ಡಿಗಳಲ್ಲಿ ೫ ವೋಲ್ಟು ಇರುವುದು. ಆದರೆ ಸಂದೇಶವನ್ನು ಒಯ್ಯುವ ಕಡ್ಡಿಗಳು ೩.೩ ವೋಲ್ಟಿಗಿಂತ ಹೆಚ್ಚನ್ನು ತಾಳಲಾರವು. ೫ ವೋಲ್ಟಿನ ತಂತಿಯು ಅವುಗಳಿಗೆ ತಗಲಿದರೆ ಪ್ರೊಸೆಸರೇ ಸುಟ್ಟುಹೋಗಬಹುದು. ಅದನ್ನು ಯಾವ ಕಾರ್ಡೂ ಸರಿಪಡಿಸಲಾರದು. ಆದುದರಿಂದ ತಂತಿಯನ್ನು ಜೋಡಿಸುವಾಗ ವಿದ್ಯುತ್ತು ಆರಿರಬೇಕು, ಜೋಡಿಸಿದ ಮೇಲೆ ಎರಡು ಸಲ ಎಣಿಸಿ ನೋಡಬೇಕು, ಆಮೇಲೆಯೇ ಹೊತ್ತಿಸಬೇಕು. ಇನ್ನು ಗೋಡೆಯ ೨೩೦ ವೋಲ್ಟಿನ ವಿದ್ಯುತ್ತು ಪ್ರಾಣಾಪಾಯಕರವಾದುದು. ಮನೆಯ ಫ್ಯಾನನ್ನೋ ಬಲ್ಬನ್ನೋ ಈ ಹಲಗೆಯಿಂದ ನಡೆಯಿಸುವ ಪ್ರಯೋಗಗಳನ್ನು ಮಕ್ಕಳು ಮಾಡಲೇಕೂಡದು.

ಈ ಭೇದವನ್ನು ಮಗಳಿಗೆ ಸ್ಪಷ್ಟವಾಗಿ ಕಲಿಸಿಬಿಟ್ಟರೆ ಹಿರಿಯರ ಕೆಲಸವು ಮುಕ್ಕಾಲು ಮುಗಿದಂತೆ. ತಂತಿಯನ್ನು ಜೋಡಿಸುವಾಗ ಹತ್ತಿರ ನಿಲ್ಲಿರಿ. ಬರೆಯುವಾಗ ದೂರವಿರಿ. ಎಲ್ಲದಕ್ಕೂ ಒಂದೇ ಬಗೆಯಾಗಿ ಹೆದರುವವಳು ಏನನ್ನೂ ಕಲಿಯಲಾರಳು. ಯಾವುದಕ್ಕೂ ಹೆದರದವಳು ಅಪಾಯಕ್ಕೆ ಸಿಕ್ಕುವಳು. ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಹೆದರಬೇಕಾಗಿಲ್ಲ ಎಂಬುದನ್ನು ಬಲ್ಲವಳೇ ಸ್ವತಂತ್ರಳು.

೬. ಮೊದಲನೆಯ ಪಾಠ: ದೀಪ

ಹಲಗೆಯ ಎರಡು ಸಾಲುಗಳಲ್ಲಿ ಅಂಚಿಗೆ ಸಮೀಪವಾದುದನ್ನು ಹೊರಸಾಲೆಂದೂ, ಇನ್ನೊಂದನ್ನು ಒಳಸಾಲೆಂದೂ ಕರೆಯೋಣ. ಕಾರ್ಡಿನ ಸಂದು ಇರುವ ತುದಿಯಿಂದ ಎಣಿಕೆಯನ್ನು ಆರಂಭಿಸಬೇಕು. ಹೊರಸಾಲಿನ ಮೊದಲೆರಡು ಕಡ್ಡಿಗಳಲ್ಲಿಯೇ ೫ ವೋಲ್ಟು ಇರುವುದು. ನಮ್ಮ ಎರಡು ಪಾಠಗಳೂ ಒಳಸಾಲಿನಲ್ಲಿಯೇ ಮುಗಿಯುವಂತೆ ಏರ್ಪಡಿಸಿದ್ದೇವೆ. ಹೊರಸಾಲನ್ನು ಮುಟ್ಟುವ ಅಗತ್ಯವೇ ಇಲ್ಲ.

ಒಳಸಾಲಿನ ಐದನೆಯ ಕಡ್ಡಿಯು ‘ಗ್ರೌಂಡ್’, ಎಂದರೆ ವಿದ್ಯುತ್ತು ಹಿಂದಿರುಗುವ ದಾರಿ. ಆರನೆಯದು ಸಂದೇಶದ ಕಡ್ಡಿ. ಅದರ ಹೆಸರು ೧೭. ಆರನೆಯ ಕಡ್ಡಿಗೆ ೧೭ ಎಂಬ ಹೆಸರೇಕೆಂದು ಮಕ್ಕಳು ಕೇಳುವರು. ಕಡ್ಡಿಯು ನಿಂತ ಸ್ಥಾನ ಬೇರೆ, ಪ್ರೊಸೆಸರಿನಲ್ಲಿ ಅದಕ್ಕಿರುವ ಹೆಸರು ಬೇರೆ. ಬೆಂಚಿನಲ್ಲಿ ಆರನೆಯವಳಾಗಿ ಕುಳಿತ ಬಾಲಿಕೆಯ ಹಾಜರಿಯ ಸಂಖ್ಯೆ ೧೭ ಆಗಿರಬಹುದಷ್ಟೆ, ಹಾಗೆ.

ಆರನೆಯ ಕಡ್ಡಿಯಿಂದ ತಂತಿಯನ್ನು ಬ್ರೆಡ್‌ಬೋರ್ಡಿಗೆ ತಂದು, ಅಲ್ಲಿಂದ ೩೩೦ ಓಮಿನ ರೆಸಿಸ್ಟರಿನ ಮೂಲಕ ಎಲ್‌ಇಡಿಯ ಉದ್ದವಾದ ಕಾಲಿಗೆ ಮುಟ್ಟಿಸಬೇಕು. ಗಿಡ್ಡ ಕಾಲಿನಿಂದ ಐದನೆಯ ಕಡ್ಡಿಗೆ ಇನ್ನೊಂದು ತಂತಿ. ಬ್ರೆಡ್‌ಬೋರ್ಡಿನ ಒಂದೊಂದು ಅಡ್ಡಸಾಲಿನ ಐದು ತೂತುಗಳು ಒಳಗೆ ಒಂದಕ್ಕೊಂದು ಕೂಡಿರುವುದರಿಂದ ಬೆಸುಗೆಯ ಅವಶ್ಯಕತೆಯಿಲ್ಲ. ರೆಸಿಸ್ಟರು ಏತಕ್ಕೆಂದರೆ, ಅದು ನೀರಿನ ಕೊಳವೆಯನ್ನು ಕಿರಿದುಮಾಡಿದಂತೆ ಪ್ರವಾಹವನ್ನು ಮಿತಗೊಳಿಸುವುದು. ಲೆಕ್ಕವು ಸುಲಭ: ಕಡ್ಡಿಯಲ್ಲಿ ೩.೩ ವೋಲ್ಟು, ಕೆಂಪು ಎಲ್‌ಇಡಿ ಸುಮಾರು ೨ ವೋಲ್ಟನ್ನು ತೆಗೆದುಕೊಳ್ಳುವುದು, ಉಳಿದ ೧.೩ನ್ನು ೩೩೦ರಿಂದ ಭಾಗಿಸಿದರೆ ಸುಮಾರು ೦.೦೦೪ ಆಂಪಿಯರು. ಇದು ಕಡ್ಡಿಗೂ ದೀಪಕ್ಕೂ ಕ್ಷೇಮಕರವಾದ ಪ್ರಮಾಣ. ಭೌತಶಾಸ್ತ್ರದ ತರಗತಿಯಲ್ಲಿ ಓದಿದ ಓಮನ ನಿಯಮವು ಮನೆಯ ಮೇಜಿನ ಮೇಲೆ ಹೀಗೆ ಪ್ರಯೋಜನಕ್ಕೆ ಬರುವುದು.

ಇನ್ನು ಆಜ್ಞಾವಳಿ. ಥಾನಿ ಎಂಬ ಬರೆಯುವ ಸಾಧನವನ್ನು ತೆರೆದು ಪೈಥಾನ್ ಭಾಷೆಯಲ್ಲಿ ಎಂಟು ಸಾಲುಗಳನ್ನು ಬರೆಯಬೇಕು. ಆಜ್ಞೆಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಬೇಕಾಗಿರುವುದರಿಂದ ಇಲ್ಲಿ ಅವುಗಳ ಉಚ್ಚಾರಣೆಯನ್ನೂ ಅರ್ಥವನ್ನೂ ಹೇಳುತ್ತೇವೆ. ಮೊದಲನೆಯ ಸಾಲು, ‘ಫ್ರಮ್ ಜಿಪಿಐಓಜೀರೋ ಇಂಪೋರ್ಟ್ ಎಲ್‌ಇಡಿ’: ಆ ಹೆಸರಿನ ಭಂಡಾರದಿಂದ ದೀಪವನ್ನು ನಡೆಯಿಸುವ ವಿದ್ಯೆಯನ್ನು ತರುವುದು. ಎರಡನೆಯದು, ‘ಫ್ರಮ್ ಟೈಮ್ ಇಂಪೋರ್ಟ್ ಸ್ಲೀಪ್’: ಕಾಯುವ ವಿದ್ಯೆಯನ್ನು ತರುವುದು. ಮೂರನೆಯದು, ‘ದೀಪ’ ಎಂದು ಬರೆದು, ಸಮಚಿಹ್ನೆಯನ್ನಿಟ್ಟು, ‘ಎಲ್‌ಇಡಿ’ ಎಂದು ಬರೆದು, ಆವರಣದಲ್ಲಿ ೧೭ ಎಂದು ಬರೆಯುವುದು. ಈ ‘ದೀಪ’ವೆಂಬುದು ನಾವಿಟ್ಟ ಹೆಸರಾದುದರಿಂದ ಇದನ್ನು ಕನ್ನಡ ಅಕ್ಷರಗಳಲ್ಲಿಯೇ ಬರೆಯಬಹುದು, ಪೈಥಾನಿನ ಮೂರನೆಯ ಆವೃತ್ತಿಯಲ್ಲಿ ಅದಕ್ಕೆ ಅನುಮತಿಯಿದೆ. ಸಂಖ್ಯೆಯನ್ನು ಮಾತ್ರ ಇಂಗ್ಲಿಷ್ ಅಂಕೆಗಳಲ್ಲಿ ಬರೆಯತಕ್ಕದ್ದು. ನಾಲ್ಕನೆಯದು, ‘ವೈಲ್ ಟ್ರೂ’ ಎಂದು ಬರೆದು ಕೊನೆಗೆ ಎರಡು ಚುಕ್ಕೆಗಳ ವಿವರಣಚಿಹ್ನೆ: ನಿಲ್ಲಿಸುವ ತನಕ ಮುಂದಿನವುಗಳನ್ನು ಮಾಡುತ್ತಿರು ಎಂದು ಅರ್ಥ. ಉಳಿದ ನಾಲ್ಕು ಸಾಲುಗಳನ್ನು ನಾಲ್ಕು ನಾಲ್ಕು ಅಕ್ಷರಗಳಷ್ಟು ಒಳಕ್ಕೆ ಸರಿಸಿ ಬರೆಯಬೇಕು: ದೀಪದ ಹೆಸರಿನ ಮುಂದೆ ಚುಕ್ಕೆಯಿಟ್ಟು ‘ಆನ್’ ಎಂದು ಬರೆದು ಬರಿಯ ಆವರಣ, ‘ಸ್ಲೀಪ್’ ಎಂದು ಬರೆದು ಆವರಣದಲ್ಲಿ ೧, ಹಾಗೆಯೇ ದೀಪ ಚುಕ್ಕೆ ‘ಆಫ್’, ಮತ್ತೆ ‘ಸ್ಲೀಪ್’ ಒಂದು. ‘ರನ್’ ಎಂಬ ಗುಂಡಿಯನ್ನು ಒತ್ತಿದರೆ ದೀಪವು ಒಂದು ಸೆಕೆಂಡು ಉರಿದು, ಒಂದು ಸೆಕೆಂಡು ಆರಿ, ಹೀಗೆಯೇ ಮಿನುಗುತ್ತಿರುವುದು.

ಮಿನುಗದಿದ್ದರೆ ಗಾಬರಿಯಾಗಬೇಕಾದುದಿಲ್ಲ. ಪರದೆಯ ಕೆಳಗೆ ಕೆಂಪಕ್ಷರಗಳಲ್ಲಿ ದೋಷವು ಯಾವ ಸಾಲಿನಲ್ಲಿದೆಯೆಂದು ಬಂದಿದ್ದರೆ ಅದು ಬರಹದ ತಪ್ಪು. ಏನೂ ಬಾರದೆ ದೀಪವೂ ಉರಿಯದಿದ್ದರೆ ತಂತಿಯನ್ನು ನೋಡಬೇಕು; ಎಲ್‌ಇಡಿಯ ಕಾಲುಗಳು ಅದಲುಬದಲಾಗಿರುವುದು ಸಾಮಾನ್ಯ. ಮಿನುಗಿದ ಬಳಿಕ ಸೆಕೆಂಡುಗಳನ್ನು ಬದಲಾಯಿಸಲು ಹೇಳಿರಿ. ಕ್ರಿಸ್ಮಸ್ ಕಾಲದಲ್ಲಿ ಮನೆಯ ಮುಂದೆ ತೂಗುವ ನಕ್ಷತ್ರದೊಳಗೆ ಇಂತಹ ಪುಟ್ಟ ದೀಪವೊಂದನ್ನಿಟ್ಟರೆ ಅವಳ ಪಾಠವು ಇಡೀ ಬೀದಿಗೆ ಕಾಣುವುದು.

೭. ಎರಡನೆಯ ಪಾಠ: ಉಷ್ಣಮಾಪಕ

ಮೊದಲನೆಯ ಪಾಠದಲ್ಲಿ ಯಂತ್ರವು ಹೇಳಿತು, ಎರಡನೆಯದರಲ್ಲಿ ಕೇಳುವುದು. ಡಿಎಸ್ ೧೮ಬಿ೨೦ ಎಂಬ ಸಾಧನಕ್ಕೆ ಮೂರು ಕಾಲುಗಳು. ಅದರ ಚಪ್ಪಟೆಯಾದ ಮುಖವು ನಮ್ಮ ಕಡೆಗಿರುವಂತೆ, ಕಾಲುಗಳು ಕೆಳಗಿರುವಂತೆ ಹಿಡಿದರೆ ಎಡದ ಕಾಲು ಗ್ರೌಂಡು, ನಡುವಿನದು ಸಂದೇಶ, ಬಲದ್ದು ವಿದ್ಯುತ್ತು. ಯಂತ್ರವನ್ನು ನಿಲ್ಲಿಸಿ, ದೀಪದ ತಂತಿಗಳನ್ನು ತೆಗೆದು, ಎಡದ ಕಾಲನ್ನು ಒಳಸಾಲಿನ ಐದನೆಯ ಕಡ್ಡಿಗೂ, ನಡುವಿನದನ್ನು ನಾಲ್ಕನೆಯದಕ್ಕೂ, ಬಲದ್ದನ್ನು ೩.೩ ವೋಲ್ಟಿನ ಮೊದಲನೆಯದಕ್ಕೂ ಜೋಡಿಸಬೇಕು. ನಡುವಿನ ಕಾಲಿಗೂ ಬಲದ ಕಾಲಿಗೂ ನಡುವೆ ೪.೭ ಕಿಲೋ ಓಮಿನ ರೆಸಿಸ್ಟರು ಇರಬೇಕು. ಸಾಧನವನ್ನು ಹಿಂದುಮುಂದಾಗಿ ಜೋಡಿಸಿದರೆ ಅದು ಬೆರಳು ಸುಡುವಷ್ಟು ಬಿಸಿಯಾಗಿ ಕೆಡಬಹುದು. ಆದಕಾರಣ ಇಲ್ಲಿ ಹಿರಿಯರೊಬ್ಬರು ಜತೆಗಿದ್ದು ನೋಡಲಿ.

ಬಳಿಕ ಯಂತ್ರವನ್ನು ಎಬ್ಬಿಸಿ, ಅದರ ಸೆಟ್ಟಿಂಗುಗಳಲ್ಲಿ ‘ಇಂಟರ್‌ಫೇಸಸ್’ ಎಂಬ ಭಾಗದಲ್ಲಿ ‘ಒನ್ ವೈರ್’ ಎಂಬುದನ್ನು ಅನುಮತಿಸಿ, ಮತ್ತೊಮ್ಮೆ ಎಬ್ಬಿಸಬೇಕು. ಆಗ ಒನ್ ವೈರ್ ಸಾಧನಗಳಿಗಾಗಿ ಸಿಸ್ಟಮು ಇಟ್ಟಿರುವ ಸ್ಥಾನದಲ್ಲಿ ೨೮ ಎಂದು ಆರಂಭವಾಗುವ ಹೆಸರಿನ ಒಂದು ಹೊಸ ಕಡತಕೋಶವು ಕಾಣುವುದು. ಅದರೊಳಗಿನ ಒಂದು ಕಡತದಲ್ಲಿ ಎರಡು ಸಾಲುಗಳಿರುವುವು. ಮೊದಲ ಸಾಲಿನ ಕೊನೆಯಲ್ಲಿ ‘ಯೆಸ್’ ಎಂದಿದ್ದರೆ ಸಂದೇಶವು ಕೆಡದೆ ಬಂದಿದೆಯೆಂದು ತಿಳಿಯಬೇಕು. ಎರಡನೆಯ ಸಾಲಿನ ಕೊನೆಯಲ್ಲಿರುವ ಸಂಖ್ಯೆಯನ್ನು ೧೦೦೦ದಿಂದ ಭಾಗಿಸಿದರೆ ಅದೇ ಉಷ್ಣತೆ. ೨೭೨೫೦ ಎಂದಿದ್ದರೆ ೨೭.೨೫ ಡಿಗ್ರಿ ಸೆಲ್ಸಿಯಸ್. ಈ ಕಡತವನ್ನು ಗಂಟೆಗೊಮ್ಮೆ ತೆರೆದು, ಸಂಖ್ಯೆಯನ್ನು ಓದಿ, ವೇಳೆಯೊಡನೆ ಬರೆದಿಡುವ ಆಜ್ಞಾವಳಿಯನ್ನು ಪೈಥಾನಿನಲ್ಲಿ ಬರೆಯುವುದನ್ನು ಬಾಲಿಕೆಯ ಸ್ವಂತ ಪ್ರಯತ್ನಕ್ಕೆ ಬಿಟ್ಟಿದ್ದೇವೆ. ಅದು ಇಪ್ಪತ್ತು ಸಾಲುಗಳಿಗೆ ಮೀರದು.

ಹೀಗೆ ಅಳೆದು ಏನು ಪ್ರಯೋಜನವೆಂದರೆ, ಮನೆಯ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆಗಳು ಬಹಳ ಉಂಟು. ಹಂಚಿನ ಮಾಡಿನ ಕೋಣೆಗೂ ತಾರಸಿಯ ಕೋಣೆಗೂ ಮಧ್ಯಾಹ್ನ ಎರಡು ಗಂಟೆಗೆ ಎಷ್ಟು ಅಂತರ? ರಾತ್ರಿ ಹತ್ತಕ್ಕೆ ಯಾವುದು ಮೊದಲು ತಣ್ಣಗಾಗುವುದು? ಹಿಟ್ಟು ಹುಳಿಯಬರುವ ಪಾತ್ರೆಯನ್ನು ಅಡಿಗೆಮನೆಯ ಯಾವ ಮೂಲೆಯಲ್ಲಿಟ್ಟರೆ ಒಳ್ಳೆಯದು? ಈ ಸಾಧನವು −೧೦ರಿಂದ ೮೫ ಡಿಗ್ರಿಗಳ ನಡುವೆ ಅರ್ಧ ಡಿಗ್ರಿಯೊಳಗಣ ತಪ್ಪಿನಿಂದ ಅಳೆಯುವುದಾಗಿ ತಯಾರಕರ ನಿಯಮವಿದೆ. ಆದುದರಿಂದ ಎರಡು ಕೋಣೆಗಳ ಅಂತರವು ಕಾಲು ಡಿಗ್ರಿಯೆಂದು ಬಂದರೆ ಅದರ ಮೇಲೆ ತೀರ್ಮಾನವನ್ನು ಕಟ್ಟಬಾರದು. ಮೂರು ಡಿಗ್ರಿಯೆಂದು ಬಂದರೆ ನಂಬಬಹುದು. ಅಳತೆಯ ಸಂಗಡ ಅಳತೆಯ ಮಿತಿಯನ್ನೂ ಹೇಳುವುದು ಸತ್ಯವನ್ನು ನುಡಿಯುವ ಅಭ್ಯಾಸವೇ ಆಗಿದೆ.

೮. ಮಾತಾಪಿತೃಗಳಲ್ಲಿ ಒಂದು ವಿಜ್ಞಾಪನೆ

ಈ 

ಯಂತ್ರವನ್ನು ಕೊಂಡುಕೊಟ್ಟರೆ ಮಗಳು ದೊಡ್ಡ ಇಂಜಿನಿಯರಳೇ ಆಗುವಳೆಂದು ನಾವು ಹೇಳುವುದಿಲ್ಲ. ಅವಳು ದಾದಿಯಾಗಬಹುದು, ಉಪಾಧ್ಯಾಯಿನಿಯಾಗಬಹುದು, ಗೃಹಿಣಿಯಾಗಬಹುದು. ಯಾವ ವೃತ್ತಿಯಲ್ಲಿದ್ದರೂ ಯಂತ್ರಗಳು ಅವಳ ಸುತ್ತಲೂ ಇದ್ದೇ ಇರುವುವು. ಅವುಗಳು ಮನುಷ್ಯರ ಆಜ್ಞೆಯಂತೆ ನಡೆಯುವುವೆಂಬುದನ್ನೂ, ಆ ಆಜ್ಞೆಯನ್ನು ಬರೆಯುವವರು ತನ್ನಂಥವರೇ ಎಂಬುದನ್ನೂ ಒಮ್ಮೆ ಸ್ವಾನುಭವದಿಂದ ತಿಳಿದವಳು ಯಂತ್ರಕ್ಕೆ ದಾಸಿಯಾಗಲಾರಳು. ಸಿಸ್ಟರ್ ಮೇರಿ ಕೆನೆತ್ ಕೆಲ್ಲರ್ ಎಂಬ ಅಮೆರಿಕದ ಕನ್ಯಾಸ್ತ್ರೀಯು ೧೯೬೫ರಲ್ಲಿಯೇ ಗಣಕಶಾಸ್ತ್ರದಲ್ಲಿ ಡಾಕ್ಟರೇಟ್ ಪದವಿಯನ್ನು ಪಡೆದು, ಐಯೊವಾ ಸಂಸ್ಥಾನದ ಕ್ಲಾರ್ಕ್ ಕಾಲೇಜಿನಲ್ಲಿ ಆ ಶಾಸ್ತ್ರದ ವಿಭಾಗವನ್ನು ಸ್ಥಾಪಿಸಿ ನಡೆಯಿಸಿದರು. ಭಕ್ತಿಗೂ ಯಂತ್ರವಿದ್ಯೆಗೂ ವಿರೋಧವಿಲ್ಲವೆಂಬುದಕ್ಕೆ ಅವರ ಜೀವನವೇ ಸಾಕ್ಷಿ.

ಬೇಕಾದುದು ಹಣಕ್ಕಿಂತಲೂ ಹೆಚ್ಚಾಗಿ ಸ್ಥಳ ಮತ್ತು ಕಾಲ. ಮನೆಯ ಒಂದು ಮೇಜಿನ ಮೂಲೆಯನ್ನು ಮಗಳದೆಂದು ಬಿಟ್ಟುಕೊಡಿರಿ. ಅಲ್ಲಿ ಬಿಚ್ಚಿಟ್ಟ ತಂತಿಗಳನ್ನು ನೆಂಟರು ಬರುವರೆಂದು ಗುಡಿಸಿಬಿಡಬೇಡಿರಿ. ಭಾನುವಾರ ದೇವಾಲಯದಿಂದ ಬಂದ ಮೇಲೆ ಎರಡು ತಾಸು ಅವಳನ್ನು ಪಾತ್ರೆಗೂ ಪೊರಕೆಗೂ ಕರೆಯದಿರಿ. ಅಣ್ಣತಮ್ಮಂದಿರು ಆ ಹೊತ್ತು ಆ ಕೆಲಸಗಳನ್ನು ಮಾಡಲಿ. ಅಣ್ಣನೇ ಕೀಲಿಮಣೆಯ ಮುಂದೆ ಕುಳಿತು ತಂಗಿಯು ಪಕ್ಕದಲ್ಲಿ ನಿಂತು ನೋಡುವ ಪದ್ಧತಿಯನ್ನು ಬೆಳೆಯಗೊಡಬೇಡಿರಿ; ಸರದಿಯನ್ನು ಗೊತ್ತುಮಾಡಿರಿ. ಅವಳಿಗೊಂದು ನೋಟುಪುಸ್ತಕವನ್ನು ಕೊಟ್ಟು, ಮಾಡಿದುದನ್ನೂ ಕೆಟ್ಟುದನ್ನೂ ಸರಿಮಾಡಿದ ಬಗೆಯನ್ನೂ ತಾರೀಕಿನೊಡನೆ ಬರೆದಿಡಲು ಹೇಳಿರಿ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಈ ವಿದ್ಯೆಯನ್ನು ಬಲ್ಲವರು ತಮ್ಮ ನೆರೆಹೊರೆಯ ಒಬ್ಬಿಬ್ಬರು ಬಾಲಿಕೆಯರಿಗೆ ತಿಂಗಳಿಗೊಂದು ದಿನ ಸಹಾಯಮಾಡಿದರೆ ಅದು ದೊಡ್ಡ ಉಪಕಾರವಾಗುವುದು.

ಕರ್ತನು ಹೇಳಿದ ತಲಾಂತುಗಳ ಸಾಮ್ಯವನ್ನು ನಾವೆಲ್ಲರೂ ಬಾಲ್ಯದಿಂದ ಬಲ್ಲೆವು. ಅದರಲ್ಲಿ ತಪ್ಪಿತಸ್ಥನಾದವನು ಹಣವನ್ನು ದುಂದುಮಾಡಿದವನಲ್ಲ. ಭಯದಿಂದ ಅದನ್ನು ನೆಲದಲ್ಲಿ ಹೂಳಿಟ್ಟವನು. ಕೆಟ್ಟೀತೆಂಬ ಭಯದಿಂದ ಕಪಾಟಿನಲ್ಲಿಟ್ಟು ಬೀಗಹಾಕಿದ ಯಂತ್ರವೂ, ಕೆಡಿಸಿಯಾಳೆಂಬ ಭಯದಿಂದ ದೂರವಿಟ್ಟ ಮಗಳ ಬುದ್ಧಿಯೂ ಹೂಳಿಟ್ಟ ತಲಾಂತುಗಳೇ ಆಗಿವೆ. ಕಾರ್ಡನ್ನು ಮತ್ತೊಮ್ಮೆ ಬರೆಯಬಹುದು. ಕಲಿಯುವ ವಯಸ್ಸು ಕಳೆದುಹೋದರೆ ಅದನ್ನು ಮತ್ತೆ ತರುವುದು ಕಷ್ಟ. ದೇವರು ನಮ್ಮ ಬಾಲಿಕೆಯರ ಕೈಗಳಿಗೆ ಕುಶಲತೆಯನ್ನೂ, ಅವರ ಹಿರಿಯರ ಮನಸ್ಸಿಗೆ ಧೈರ್ಯವನ್ನೂ ಅನುಗ್ರಹಿಸಲೆಂದು ಹಾರೈಸುತ್ತೇವೆ.